ಹೂಮೀನಿನ ಮುಳ್ಳು

ಈ ವರ್ಷದ ವಾರ್ಷಿಕ ಸಂಚಿಕೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ಲೇಖನವೂ ಇರಲಿ ಎಂದು ಸಂಪಾದಕ ಮಂಡಲಿಯ ಅಧ್ಯಾಪಕರು ಹೇಳಿಕಳುಹಿಸಿದಾಗ, ಸಮಯಪಾಲನೆಯನ್ನು ಕುರಿತೋ ಶಿಸ್ತನ್ನು ಕುರಿತೋ ನಾನು ನಾಲ್ಕು ಮಾತು ಬರೆಯುವೆನೆಂದು ಅವರು ನಿರೀಕ್ಷಿಸಿರಬಹುದು. ಆ ಎರಡು ವಿಷಯಗಳಲ್ಲಿಯೂ ನನಗೆ ಅಧಿಕಾರವಿಲ್ಲ. ತಡವಾಗಿ ಬಂದು ತರಗತಿಯ ಬಾಗಿಲ ಹೊರಗೆ ನಾನು ನಿಂತ ದಿನಗಳ ಲೆಕ್ಕವನ್ನು ಈ ಶಾಲೆಯ ಗೋಡೆಗಳೇ ಹೇಳಿಯಾವು. ನನಗೆ ಸ್ವಲ್ಪಮಟ್ಟಿಗೆ ತಿಳಿದಿರುವುದು ಒಂದು ಮೀನಿನ ವಿಚಾರ, ಅದನ್ನೇ ಬರೆಯುತ್ತೇನೆ. ಮೀನು ತಿನ್ನದ ಮನೆಗಳಿಂದ ಬಂದ ಬಾಲಕ ಬಾಲಕಿಯರು ಅವಸರದಿಂದ ಪುಟ ಮಗುಚಬೇಕಾಗಿಲ್ಲ. ಈ ಮೀನಿನ ಬಾಯಲ್ಲಿ ಒಂದು ಹಲ್ಲೂ ಇಲ್ಲ. ಅದರ ಮುಖ್ಯ ಆಹಾರ ನೀರಿನ ತಳದಲ್ಲಿ ಬೆಳೆಯುವ ಪಾಚಿ. ಅಂದಮೇಲೆ ಊಟದ ವಿಷಯದಲ್ಲಿ ಅದು ನನಗಿಂತ ನಿಮಗೇ ಹತ್ತಿರದ ನೆಂಟ.

ನಮ್ಮ ಕುಂದಾಪುರದ ಕಡೆ ಇದನ್ನು ಹೂಮೀನು ಎನ್ನುತ್ತಾರೆ. ಮಲೆಯಾಳಿಗಳಿಗೂ ಇದು ಪೂಮೀನ್. ತಮಿಳರು ಪಾಲ್‌ಕೆಂಡೈ ಎಂದೂ ತೆಲುಗರು ಪಾಲಬೊಂತ ಎಂದೂ ಇದಕ್ಕೆ ಹಾಲಿನ ಹೆಸರನ್ನು ಇಟ್ಟಿದ್ದಾರೆ. ಇಂಗ್ಲಿಷಿನವರ ಮಿಲ್ಕ್‌ಫಿಷ್ ಕೂಡ ಅದೇ. ಒಂದೇ ಮೀನನ್ನು ನೋಡಿ ಒಬ್ಬರಿಗೆ ಹೂವೂ ಇನ್ನೊಬ್ಬರಿಗೆ ಹಾಲೂ ನೆನಪಾದುದು ನನಗೆ ಸೋಜಿಗವೆನಿಸುವುದಿಲ್ಲ. ಬೆಳ್ಳಿಯ ತಗಡಿನಂತೆ ಹೊಳೆಯುವ ಮೈ, ಆಳವಾಗಿ ಕವಲೊಡೆದ ಬಾಲ, ಸಣ್ಣ ಬಾಯಿ, ದೊಡ್ಡ ಕಣ್ಣು—ಬಲೆಯಿಂದ ಆಗತಾನೇ ತೆಗೆದ ಹೂಮೀನನ್ನು ಬಿಸಿಲಿನಲ್ಲಿ ಎತ್ತಿ ಹಿಡಿದರೆ ಕಣ್ಣು ಕೋರೈಸುವುದು. ಶಾಸ್ತ್ರಜ್ಞರು ಇದನ್ನು ಕಾನೋಸ್ ಕಾನೋಸ್ ಎಂದು ಕರೆಯುತ್ತಾರೆ. ಈ ಕುಟುಂಬದಲ್ಲಿ ಇಂದು ಭೂಮಿಯ ಮೇಲೆ ಉಳಿದಿರುವುದು ಇದೊಂದೇ ಜಾತಿ. ಕೆಂಪು ಸಮುದ್ರದ ತೀರದಲ್ಲಿ ಇದನ್ನು ಕಂಡು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದವನು ಪೀಟರ್ ಫೋರ್ಸ್ಕೋಲ್ ಎಂಬ ವಿದ್ವಾಂಸ. ಪಾಪ, ಅವನು ೧೭೬೩ರಲ್ಲಿ ಯೆಮನ್ ದೇಶದಲ್ಲಿ ಜ್ವರದಿಂದ ತೀರಿಕೊಂಡನು. ಅವನ ಗ್ರಂಥ ಅಚ್ಚಾದುದು ೧೭೭೫ರಲ್ಲಿ.

ಕುಂದಾಪುರಕ್ಕೂ ಹೂಮೀನಿಗೂ ಇರುವ ಸಂಬಂಧ ನಿನ್ನೆ ಮೊನ್ನೆಯದಲ್ಲ. ಶ್ರೀರಂಗಪಟ್ಟಣ ಬಿದ್ದ ಮೇಲೆ, ೧೮೦೦–೧೮೦೧ರಲ್ಲಿ, ಫ್ರಾನ್ಸಿಸ್ ಬುಖಾನನ್ ಎಂಬ ಇಂಗ್ಲಿಷ್ ಕಂಪೆನಿಯ ವೈದ್ಯನು ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳ ಸೀಮೆಗಳನ್ನೆಲ್ಲ ಸುತ್ತಿ, ಕಂಡುದನ್ನೆಲ್ಲ ಬರೆದಿಟ್ಟನು. ಕುಂದಾಪುರದ ಸಿಹಿನೀರಿನ ಕೆರೆಯೊಂದರಲ್ಲಿ ಹೂಮೀನು ಇರುವುದನ್ನೂ, ಟಿಪ್ಪೂ ಸುಲ್ತಾನನು ಅದನ್ನು ತನ್ನ ಊಟಕ್ಕೆಂದೇ ಕಾದಿರಿಸಿದ್ದುದನ್ನೂ ಅವನು ಕನ್ನಡದ ಹೆಸರಿನ ಸಮೇತ ದಾಖಲಿಸಿದ್ದಾನೆ. ಕೆರೆಗೆ ಈ ಮೀನನ್ನು ಬಿಡಿಸಿದವನು ಹೈದರಾಲಿ ಎಂದು ಹಳೆಯ ಮೀನುಶಾಸ್ತ್ರದ ಗ್ರಂಥಗಳಲ್ಲಿ ಹೇಳಿಕೆಯಿದೆ. ನನ್ನ ಅಜ್ಜಿ ಬುಖಾನನನನ್ನು ಓದಿದವಳಲ್ಲ. ಅವಳಿಗೆ ಅಕ್ಷರವೇ ಬರುತ್ತಿರಲಿಲ್ಲ. ಆದರೂ ಹೂಮೀನಿನ ತುಂಡನ್ನು ನನ್ನ ಬಟ್ಟಲಿಗೆ ಹಾಕುವಾಗ, “ತಿನ್ ಮಗಾ, ಇದ್ ಸುಲ್ತಾನ ತಿಂಬ ಮೀನ್” ಎನ್ನುತ್ತಿದ್ದಳು. ಆ ಸುಲ್ತಾನ ಯಾರು, ಯಾವ ಕಾಲದವನು ಎಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಪಕ್ಕದ ಊರಿನಲ್ಲಿ ಎಲ್ಲಿಯೋ ಇರುವ ಶ್ರೀಮಂತನೊಬ್ಬನಿರಬೇಕೆಂದು ನಾನು ತಿಳಿದಿದ್ದೆ.

ಐದು ನದಿಗಳು ಒಂದೆಡೆ ಸೇರಿ ಕಡಲನ್ನು ಕೂಡುವ ಪಂಚಗಂಗಾವಳಿಯ ಹಿನ್ನೀರಿನ ಅಂಚಿನಲ್ಲಿ ನಮ್ಮ ಮನೆ. ಉಬ್ಬರದಲ್ಲಿ ನೀರು ತೋಟದ ಬೇಲಿಯವರೆಗೆ ಬಂದು, ಇಳಿತದಲ್ಲಿ ಕೆಸರಿನ ಹೊಂಡಗಳನ್ನು ಬಿಟ್ಟು ಹಿಂದಕ್ಕೆ ಸರಿಯುವುದು. ಮಳೆಗಾಲಕ್ಕೆ ಮೊದಲು ಆ ಹೊಂಡಗಳಲ್ಲಿ ಬೆರಳುದ್ದದ ಮೀನಿನ ಮರಿಗಳು ಮಿರಮಿರನೆ ಮಿನುಗುತ್ತ ಓಡಾಡುತ್ತಿದ್ದುವು. ೧೯೮೧ರ ಮೇ ತಿಂಗಳಿನಲ್ಲಿ, ನನ್ನನ್ನು ಮುಂಬಯಿಗೆ ಕರೆದೊಯ್ಯಲು ಅಪ್ಪಯ್ಯ ಊರಿಗೆ ಬರುವ ವಾರದ ಮುಂಚೆ, ಪಂಚೆಯ ತುಂಡೊಂದನ್ನು ಬಲೆಯಾಗಿ ಮಾಡಿಕೊಂಡು ಅಂತಹ ಏಳು ಹೂಮೀನು ಮರಿಗಳನ್ನು ಹಿಡಿದೆ. ತೆಂಗಿನ ತೋಟಕ್ಕೆ ನೀರು ಹಾಕಲೆಂದು ತೋಡಿದ ಕೆರೆಯೊಂದು ಮನೆಯ ಹಿಂದೆ ಇದ್ದಿತು. ಅದರಲ್ಲಿ ಅವನ್ನು ಬಿಟ್ಟು, “ನಾನು ಬರುವವರೆಗೆ ನೋಡಿಕೋ” ಎಂದು ಅಜ್ಜಿಗೆ ಹೇಳಿದೆ. ಉಪ್ಪುನೀರಿನ ಮರಿ ಸಿಹಿನೀರಿನಲ್ಲಿ ಬದುಕೀತೆ ಎಂಬ ಸಂದೇಹ ನನಗೆ ಹುಟ್ಟಲೇ ಇಲ್ಲ. ಹತ್ತು ವರ್ಷದ ಹುಡುಗನಿಗೆ ನೀರೆಂದರೆ ನೀರು. ಅದೃಷ್ಟವಶಾತ್ ಹೂಮೀನಿಗೂ ಹಾಗೆಯೇ. ಕಡಲಿನ ಉಪ್ಪು, ಅಳಿವೆಯ ಸಪ್ಪೆ, ಕೆರೆಯ ಸಿಹಿ—ಮೂರರಲ್ಲಿಯೂ ಅದು ಬೆಳೆಯಬಲ್ಲುದು. ಉಪ್ಪಿನ ಪಾತಿಗಳ ಕಡುಉಪ್ಪನ್ನೂ ಸಹಿಸಬಲ್ಲುದು. ಅದು ಸಹಿಸದಿರುವುದು ಚಳಿಯನ್ನು. ತೈವಾನಿನಲ್ಲಿ ೨೦೧೬ರ ಜನವರಿಯ ಒಂದು ಶೀತಮಾರುತಕ್ಕೆ ಕೊಳಗಳಲ್ಲಿದ್ದ ಹೂಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದುವು.

ಇಷ್ಟೆಲ್ಲ ಗುಣವಿರುವ ಮೀನಿಗೆ ಒಂದೇ ಒಂದು ದೋಷ. ಆದರೆ ದೊಡ್ಡ ದೋಷ. ಅದೆಂದರೆ ಮುಳ್ಳು. ಬೆನ್ನೆಲುಬು, ಪಕ್ಕೆಲುಬು ಎಲ್ಲ ಮೀನಿಗೂ ಉಂಟು. ಅವು ಕಣ್ಣಿಗೆ ಕಾಣುವಂಥವು, ಕೈಗೆ ಸಿಕ್ಕುವಂಥವು. ಹೂಮೀನಿನ ಮಾಂಸದ ಒಳಗೇ, ಎಲುಬಿನ ಗೂಡಿಗೆ ಸಂಬಂಧವೇ ಇಲ್ಲವೆಂಬಂತೆ, ಕೂದಲಿನಷ್ಟು ಸಣ್ಣ ಮುಳ್ಳುಗಳು ಸಾಲುಸಾಲಾಗಿ ಹುದುಗಿರುತ್ತವೆ. ಕೆಲವು ನೇರ, ಹಲವು ತುದಿಯಲ್ಲಿ ಕವಲೊಡೆದವು. ಒಂದು ಮೀನಿನಲ್ಲಿ ಸುಮಾರು ಇನ್ನೂರು. ಹೂವೆಂದು ಹೆಸರಿಟ್ಟವರು ಮುಳ್ಳನ್ನೂ ಎಣಿಸಿಯೇ ಇಟ್ಟಿರಬೇಕು!

ಈ ಮುಳ್ಳುಗಳನ್ನು ನಾನು ಬಾಲ್ಯದಲ್ಲಿ ಕಂಡಿದ್ದುದು ಬಟ್ಟಲಿನ ಅಂಚಿನಲ್ಲಿ ಮಾತ್ರ. ಅಜ್ಜಿ ನನ್ನ ಪಕ್ಕದಲ್ಲಿ ಕುಳಿತು, ಬೆಂದ ತುಂಡನ್ನು ಎರಡು ಬೆರಳುಗಳಿಂದ ಬಿಡಿಸುತ್ತ, ಮುಳ್ಳುಗಳನ್ನು ಒಂದೊಂದಾಗಿ ತೆಗೆದು ಅಂಚಿಗೆ ಅಂಟಿಸುತ್ತಿದ್ದಳು. ಮೆತ್ತನೆಯ ಬಿಳಿಯ ಮಾಂಸವನ್ನು ಕುಚ್ಚಲಕ್ಕಿಯ ಅನ್ನದೊಡನೆ ಕಲಸಿ ನನ್ನ ಮುಂದೆ ತಳ್ಳುತ್ತಿದ್ದಳು. ಅವಳ ಊಟ ಅಲ್ಲಿಯವರೆಗೆ ಆರುತ್ತಿದ್ದಿತು. ಹೂಮೀನಿಗೆ ಮುಳ್ಳು ಹೆಚ್ಚು ಎಂಬುದೇ ನನಗೆ ಬಹುಕಾಲ ತಿಳಿದಿರಲಿಲ್ಲ ಎಂದರೆ ನೀವು ನಂಬಬೇಕು.

೧೯೮೧ರ ಜೂನ್ ತಿಂಗಳಿನಲ್ಲಿ ನಾನು ಈ ಶಾಲೆಯ ಐದನೆಯ ತರಗತಿಗೆ ಸೇರಿದೆ. ಅಪ್ಪಯ್ಯನಿಗೆ ಕೋಟೆ ಭಾಗದ ಒಂದು ಹೋಟೆಲಿನಲ್ಲಿ ಗಲ್ಲೆಯ ಕೆಲಸ. ಚಾಳಿನ ಒಂದು ಖೋಲಿಯಲ್ಲಿ ನಾವು ಆರು ಮಂದಿ. ಆ ದಿನಗಳನ್ನು ನಿಮಗೆ ವರ್ಣಿಸಿ ಹೇಳಬೇಕಾಗಿಲ್ಲ; ನಿಮ್ಮಲ್ಲಿ ಹಲವರ ಮನೆಯ ಹಿರಿಯರು ಹೇಳಿಯೇ ಇರುತ್ತಾರೆ. ಊರಿನಿಂದ ದೊಡ್ಡಮ್ಮನ ಕಾಗದ ಎರಡು ತಿಂಗಳಿಗೊಮ್ಮೆ ಬರುತ್ತಿದ್ದಿತು. ಅವಳು ಆಡಿದಂತೆಯೇ ಬರೆಯುವವಳು. ಒಮ್ಮೆ, “ನಿನ್ನ ಮೀನ್ ನಾಕೇ ಇತ್ತ್” ಎಂದು ಬರೆದಿದ್ದಳು. ನನ್ನ ಪಕ್ಕದಲ್ಲಿ ಕೂಡುತ್ತಿದ್ದ ಧಾರವಾಡದ ಗೆಳೆಯನು ಅದನ್ನು ಓದಿ, “ಅಯ್ಯೋ, ಇದ್ದವು ಅಂದರ ಈಗ ಇಲ್ಲೇನೋ? ಎಲ್ಲಾ ಸತ್ತವೇನು?” ಎಂದು ನಿಜವಾಗಿಯೂ ಮರುಗಿದನು. ನಮ್ಮ ಕುಂದಾಪುರದ ಕನ್ನಡದಲ್ಲಿ ‘ಇತ್ತ್’ ಎಂದರೆ ‘ಇದೆ’ ಎಂದರ್ಥ. ಅದನ್ನು ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಗುರುಗಳು ಬಂದು ಇಬ್ಬರನ್ನೂ ನಿಲ್ಲಿಸಿದರು. ಮೂರು ಮರಿಗಳನ್ನು ಮಿಂಚುಳ್ಳಿಯೋ ನೀರುನಾಯಿಯೋ ಒಯ್ದಿತ್ತು. ಉಳಿದ ನಾಲ್ಕಕ್ಕೆ ಅಜ್ಜಿ ದಿನವೂ ತೌಡು ಹಾಕಿ ಚಪ್ಪಾಳೆ ತಟ್ಟಿದರೆ ಮೇಲೆದ್ದು ಬರುತ್ತಿದ್ದುವಂತೆ. ಕೇಳಲು ಬಂದವರಿಗೆಲ್ಲ, “ಅದ್ ಮುಂಬಯಿ ಹುಡ್ಗಂದ್” ಎಂದು ಹೇಳಿ ಕಳುಹಿಸುತ್ತಿದ್ದಳಂತೆ.

ಮೂರು ವರ್ಷಗಳ ಮೇಲೆ, ೧೯೮೪ರ ಬೇಸಗೆಯ ರಜೆಯಲ್ಲಿ, ನಾನು ಊರಿಗೆ ಹೋದೆ. ಕೊಂಕಣ ರೈಲು ಇನ್ನೂ ಹುಟ್ಟಿರಲಿಲ್ಲ. ಒಂದು ಹಗಲು ಒಂದು ರಾತ್ರಿ ಬಸ್ಸಿನ ಪ್ರಯಾಣ. ಬಂದ ಮರುದಿನವೇ ಅಜ್ಜಿ ಬೀಸುಬಲೆಯವನನ್ನು ಕರೆಯಿಸಿ ಒಂದು ಮೀನನ್ನು ಹಿಡಿಸಿದಳು. ಮೊಳಕೈಯುದ್ದದ ಮೀನು! ದೊಡ್ಡಮ್ಮ ಅದನ್ನು ಮೆಟ್ಟುಕತ್ತಿಯಲ್ಲಿ ಕೊಯ್ದು, ಉಪ್ಪು ಅರಿಸಿನ ಹಚ್ಚಿ, ಹುಣಸೆಹುಳಿ ಮುಂದಾಗಿ ಸಾರು ಮಾಡಿದಳು. ಅಜ್ಜಿ ತಾನೇ ಒಂದು ದೊಡ್ಡ ತುಂಡನ್ನು ನನಗೆ ಬಡಿಸಿದಳು. ಬಡಿಸಿ, ಪಕ್ಕದಲ್ಲಿ ಕೂರದೆ, ಗೋಡೆಗೆ ಒರಗಿ ದೂರ ಕುಳಿತಳು. ತನ್ನ ಬಟ್ಟಲಿಗೆ ಗಂಜಿ, ಉಪ್ಪಿನಕಾಯಿ ಮಾತ್ರ ಹಾಕಿಕೊಂಡಳು. “ನೀನು ತಿನ್ನುವುದಿಲ್ಲವೆ?” ಎಂದು ಕೇಳಿದೆ. “ನಂಗ್ ಬ್ಯಾಡ. ಹರಕೆ ಇತ್ತ್” ಎಂದಳು.

ಮೊದಲಿನಂತೆ ಅವಳು ಬಂದು ಮುಳ್ಳು ಬಿಡಿಸಿ ಕೊಡುವಳೆಂದು ನಾನು ಒಂದು ಕ್ಷಣ ಕಾದೆ. ಬರಲಿಲ್ಲ. ನಾನು ದೊಡ್ಡವನಾದೆನೆಂದು ಬಿಟ್ಟಿರಬೇಕು ಎಂದುಕೊಂಡು ತಿನ್ನತೊಡಗಿದೆ. ಎರಡನೆಯ ತುತ್ತಿಗೆ ಮುಳ್ಳು ಗಂಟಲಲ್ಲಿ ನಾಟಿತು. ಕೆಮ್ಮಿದೆ, ಕಣ್ಣಲ್ಲಿ ನೀರು ಬಂದಿತು. ದೊಡ್ಡಮ್ಮ ಅನ್ನದ ಉಂಡೆಯನ್ನು ಜಗಿಯದೆ ನುಂಗಿಸಿದಳು, ಬಾಳೆಹಣ್ಣು ತಿನ್ನಿಸಿದಳು. ಹೇಗೋ ಮುಳ್ಳು ಇಳಿಯಿತು. ಇಳಿದ ಮೇಲೆ, ನೋವಿಗಿಂತ ಹೆಚ್ಚಾಗಿ ಅವಮಾನದಿಂದ, ನಾನು ಒಂದು ಮಾತನ್ನಾಡಿದೆ. “ನಮ್ಮ ಮುಂಬಯಿಯಲ್ಲಿ ಪಾಪ್ಲೆಟ್ ಸಿಕ್ಕುತ್ತದೆ. ನಡುವೆ ಒಂದೇ ಮುಳ್ಳು. ಇಂಥ ದರಿದ್ರ ಮೀನನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ.”

ಪಾಪ್ಲೆಟ್ ಎಂದರೆ ಊರಿನ ಮಾಂಜಿ. ವರ್ಷಕ್ಕೆ ಎರಡು ಸಲವೂ ನಮ್ಮ ಖೋಲಿಗೆ ಅದು ಬರುತ್ತಿರಲಿಲ್ಲ. ಅಪ್ಪಯ್ಯನ ಸಂಬಳಕ್ಕೆ ಅದು ನಿಲುಕುವ ಮೀನಲ್ಲ. ಆದರೂ ಹಾಗೆಂದೆ. ಅಜ್ಜಿ ಏನೂ ಹೇಳಲಿಲ್ಲ. ಎದ್ದು ಬಂದು, ನನ್ನ ಬಟ್ಟಲನ್ನು ಕೈಯಿಂದ ತಡವಿ ಹುಡುಕಿ ಎತ್ತಿಕೊಂಡು ಒಳಗೆ ಹೋದಳು. ತಡವಿ ಹುಡುಕಿದುದನ್ನು ಅಂದು ನಾನು ಕಂಡೆ. ಕಂಡುದು ಮನಸ್ಸಿಗೆ ಹತ್ತಲಿಲ್ಲ.

ರಾತ್ರಿ ಜಗಲಿಯಲ್ಲಿ ಮಲಗಿದ್ದಾಗ ದೊಡ್ಡಮ್ಮ ಹೇಳಿದಳು. ಅಜ್ಜಿಗೆ ಹರಕೆಯೂ ಇಲ್ಲ, ವ್ರತವೂ ಇಲ್ಲ. ಎರಡು ಕಣ್ಣಿಗೂ ಪೊರೆ ಬಂದಿದೆ. ಶಸ್ತ್ರಚಿಕಿತ್ಸೆ ಎಂದರೆ ಹೆದರುತ್ತಾಳೆ. ಹಿಂದಿನ ವರ್ಷ ಮುಳ್ಳು ಸಿಕ್ಕಿ, ಆಸ್ಪತ್ರೆಗೆ ಹೋಗುವವರೆಗೂ ಆಗಿದ್ದಿತು. ಅಂದಿನಿಂದ ಮೀನನ್ನೇ ಬಿಟ್ಟಿದ್ದಾಳೆ. ಮುಳ್ಳು ಕಾಣುವುದಿಲ್ಲವೆಂದು ಮನೆಯವರ ಮುಂದೆ ಒಪ್ಪಿಕೊಳ್ಳಲಾರದೆ ಹರಕೆಯ ನೆಪ ಹೇಳುತ್ತಾಳೆ. ಕೆರೆಗೆ ತೌಡು ಹಾಕುವಾಗಲೂ ಮೀನು ಅವಳಿಗೆ ಕಾಣುವುದಿಲ್ಲ. ನೀರು ಬಳಬಳನೆ ಸದ್ದು ಮಾಡುವುದನ್ನು ಕೇಳಿ ನಾಲ್ಕೂ ಬಂದುವೆಂದು ಲೆಕ್ಕ ಹಾಕುತ್ತಾಳೆ.

ಉಳಿದ ರಜೆಯಲ್ಲಿ ನಾನು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಸಂದರ್ಭವನ್ನು ಹುಡುಕಿದೆ. ಹುಡುಗರಿಗೆ ಅದು ಸುಲಭವಲ್ಲ. ಬಸ್ಸು ಹತ್ತುವಾಗ ಅಜ್ಜಿ ಒಂದು ಪ್ರಶ್ನೆ ಕೇಳಿದಳು: “ಅಲ್ದಾ ಮಗಾ, ನಿನ್ನ ಮೀನ್ ಇಷ್ಟ್ ದೊಡ್ಡದಾರೂ ಒಂದ್ ಮರಿಯೂ ಆಯ್ಲಿಲ್ಲೆ. ಎಂತಕೆ?” ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಎರಡಕ್ಕೂ ದಾರಿ ತೋರಿದವನು ನನ್ನ ಮಾವ. ಅವನು ಸರಕು ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದನು. ೧೯೮೫ರಲ್ಲಿ ಒಂದು ಪ್ರಯಾಣ ಮುಗಿಸಿ ಮುಂಬಯಿಯಲ್ಲಿ ಇಳಿದು ನಮ್ಮ ಖೋಲಿಯಲ್ಲಿಯೇ ಎರಡು ತಿಂಗಳು ತಂಗಿದನು. ಅಜ್ಜಿಯ ಸಂಗತಿಯನ್ನು ಅವನಿಗೆ ಹೇಳಿದೆ. ನನ್ನ ಮಾತನ್ನು ಮಾತ್ರ ಮುಚ್ಚಿಟ್ಟೆ. ಅವನು ನಕ್ಕು, “ಮುಳ್ಳು ತೆಗೆದ ಹೂಮೀನು ತಿನ್ನುವ ದೇಶವೇ ಒಂದಿದೆಯಲ್ಲೋ!” ಎಂದನು. ಅವನ ಹಡಗಿನ ಮುಖ್ಯ ಅಡುಗೆಯವನು ಫಿಲಿಪೈನ್ಸಿನವನು, ಇಲೊಯ್ಲೊ ಎಂಬ ಪ್ರಾಂತದವನು. ಆ ದೇಶದಲ್ಲಿ ಹೂಮೀನಿಗೆ ಬಾಂಗುಸ್ ಎಂದು ಹೆಸರು. ನಮ್ಮವರಿಗೆ ಬಂಗುಡೆ ಹೇಗೋ ಅವರಿಗೆ ಬಾಂಗುಸ್ ಹಾಗೆ. ಬಡವನ ಮನೆಯಿಂದ ಹಬ್ಬದ ಎಲೆಯವರೆಗೆ ಅದು ಬೇಕು. ಹುಣಸೆಯ ಹುಳಿಯಲ್ಲಿ ಬೇಯಿಸಿ ಸಿನಿಗಾಂಗ್ ಎಂಬ ಸಾರು ಮಾಡುತ್ತಾರೆ. ವಿನೆಗರ್, ಬೆಳ್ಳುಳ್ಳಿ, ಮೆಣಸುಗಳಲ್ಲಿ ನೆನೆಯಿಟ್ಟು ಹುರಿಯುತ್ತಾರೆ. ಹೊಟ್ಟೆಯ ಭಾಗದ ಕೊಬ್ಬಿಗಾಗಿ ಮನೆಯ ಮಕ್ಕಳಲ್ಲಿ ಜಗಳವೇ ಆಗುವುದಂತೆ. ಅಲ್ಲಿಯ ಪೇಟೆಗಳಲ್ಲಿ ಹೆಂಗಸರು ಸಾಲಾಗಿ ಕುಳಿತು, ಚಿಮಟ ಹಿಡಿದು, ಒಂದೊಂದು ಮೀನಿನ ಇನ್ನೂರು ಮುಳ್ಳುಗಳನ್ನೂ ಕಿತ್ತು ಮಾರುತ್ತಾರೆ. ಜಾವಾದ್ವೀಪದವರ ಉಪಾಯವೇ ಬೇರೆ. ಅಲ್ಲಿ ಇದು ಬಾಂದೆಂಗ್. ಸೆಮರಾಂಗ್ ಪಟ್ಟಣದವರು ಇದನ್ನು ಆವಿಯ ಒತ್ತಡದ ಪಾತ್ರೆಯಲ್ಲಿ, ನಮ್ಮ ಕುಕ್ಕರಿನಂಥದರಲ್ಲಿ, ಮುಳ್ಳೂ ಮೆತ್ತಗಾಗುವಷ್ಟು ಹೊತ್ತು ಬೇಯಿಸಿ ಮುಳ್ಳುಸಹಿತ ತಿಂದುಬಿಡುತ್ತಾರೆ. ಕುಕ್ಕರ್ ನಮ್ಮ ಖೋಲಿಯಲ್ಲಿಯೂ ಇರಲಿಲ್ಲ, ಅಜ್ಜಿಯ ಮನೆಯಲ್ಲಿಯೂ ಇರಲಿಲ್ಲ. ಆದುದರಿಂದ ಚಿಮಟವೇ ಗತಿಯಾಯಿತು.

ಅಜ್ಜಿಯ ಪ್ರಶ್ನೆಗೂ ಮಾವ ತಾನು ಕೇಳಿದಷ್ಟನ್ನು ಹೇಳಿದನು. ಮಿಕ್ಕುದನ್ನು ನಾನು ಮುಂದೆ ಓದಿ ತಿಳಿದುಕೊಂಡೆ. ಹೂಮೀನು ಯಾವ ನೀರಿನಲ್ಲಿಯೂ ಬೆಳೆಯುವುದು ನಿಜ. ಆದರೆ ಮೊಟ್ಟೆಯಿಡುವುದು ಕಡಲಿನಲ್ಲಿ ಮಾತ್ರ. ಹಲವು ವರ್ಷ ಬೆಳೆದು ಬಲಿತ ಮೀನುಗಳು ತೀರದಾಚೆಯ ತಿಳಿನೀರಿಗೆ ಹೋಗಿ, ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಚೆಲ್ಲುತ್ತವೆ. ಸುಮಾರು ಒಂದು ದಿನದಲ್ಲಿ ಮೊಟ್ಟೆ ಒಡೆಯುವುದು. ಎರಡು ಮೂರು ವಾರಗಳಲ್ಲಿ, ಗಾಜಿನ ಎಳೆಯಂತೆ ಪಾರದರ್ಶಕವಾದ, ಎರಡು ಕಣ್ಣುಗಳಲ್ಲದೆ ಬೇರೇನೂ ಕಾಣದ, ಒಂದು ಸೆಂಟಿಮೀಟರಿಗಿಂತ ತುಸು ಉದ್ದದ ಮರಿಗಳು ದಡಕ್ಕೆ ಬಂದು ಅಳಿವೆಗಳನ್ನು ಹೊಗುತ್ತವೆ. ಜಾವಾದಲ್ಲಿಯೂ ಫಿಲಿಪೈನ್ಸಿನಲ್ಲಿಯೂ ತೈವಾನಿನಲ್ಲಿಯೂ ನೂರಾರು ವರ್ಷಗಳಿಂದ ಜನರು ಸೊಂಟಮಟ್ಟದ ನೀರಿನಲ್ಲಿ ನಿಂತು ಈ ಮರಿಗಳನ್ನು ಸಣ್ಣಬಲೆಗಳಲ್ಲಿ ಸೋಸಿ, ಕೊಳಗಳಿಗೆ ಬಿಟ್ಟು ಸಾಕುತ್ತ ಬಂದಿದ್ದರು. ತೈವಾನಿನಲ್ಲಿ ಮರಿಗಳನ್ನು ಬಿಳಿಯ ಬೋಗುಣಿಯಲ್ಲಿ ಹಾಕಿ, ರಾಗವಾಗಿ ಹಾಡುತ್ತ ಎಣಿಸುವ ಪದ್ಧತಿಯಿದ್ದಿತು; ಹಾಡು ತಪ್ಪಿದರೆ ಲೆಕ್ಕ ತಪ್ಪಿತು! ಇಷ್ಟು ಕಾಲ ಸಾಕಿದರೂ ಸೆರೆಯಲ್ಲಿ ಈ ಮೀನು ಸಂತಾನವನ್ನು ಪಡೆಯಲೊಲ್ಲದಾಗಿತ್ತು. ಪ್ರತಿವರ್ಷವೂ ಕಡಲಿನ ಬಾಗಿಲಿಗೇ ಹೋಗಿ ಬೇಡಬೇಕಾಗಿತ್ತು.

ಮಾವನ ಗೆಳೆಯನ ಊರಾದ ಇಲೊಯ್ಲೊ ಪ್ರಾಂತದಲ್ಲಿಯೇ, ತಿಗ್ಬಾವಾನ್ ಎಂಬಲ್ಲಿ, ೧೯೭೩ರಲ್ಲಿ ಒಂದು ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಅಲ್ಲಿಯ ವಿಜ್ಞಾನಿಗಳು ಮೊದಲು ಔಷಧಿ ಚುಚ್ಚಿ ಮೊಟ್ಟೆಯಿಡಿಸಲು ಪ್ರಯತ್ನಪಟ್ಟರು. ಬಳಿಕ, ಮರಿಯಿಂದಲೇ ಕಡಲಿನ ಪಂಜರಗಳಲ್ಲಿ ಸಾಕಿ ವರ್ಷಗಟ್ಟಲೆ ಕಾದರು. ೧೯೮೦ರಲ್ಲಿ ಆ ಮೀನುಗಳು ಯಾರ ಒತ್ತಾಯವೂ ಇಲ್ಲದೆ ತಾವಾಗಿಯೇ ಮೊಟ್ಟೆಯಿಟ್ಟುವು. ನಮ್ಮ ದೇಶದಲ್ಲಿ ಚೆನ್ನೈಯ ಕೇಂದ್ರೀಯ ಹಿನ್ನೀರು ಮತ್ಸ್ಯಕೃಷಿ ಸಂಸ್ಥೆಯವರು ಮುಟ್ಟುಕಾಡಿನ ತಮ್ಮ ಕೇಂದ್ರದಲ್ಲಿ ೨೦೧೫ರಲ್ಲಿ ಈ ಕೆಲಸವನ್ನು ಸಾಧಿಸಿದರು. ಅಂದಮೇಲೆ ಅಜ್ಜಿಯ ಪ್ರಶ್ನೆ ಹಗುರವಾದುದಾಗಿರಲಿಲ್ಲ. ಅದೇ ಪ್ರಶ್ನೆಯನ್ನು ಹಿಡಿದು ಹಲವು ದೇಶದ ವಿದ್ವಾಂಸರು ತಲೆ ಕೆಡಿಸಿಕೊಂಡಿದ್ದರು.

ಮೀನುಸಾಕಣೆಯೆಲ್ಲ ಮಂಗಳವೆಂದು ನೀವು ತಿಳಿಯಬಾರದು. ಕೊಳಗಳಿಗೆ ಜಾಗ ಬೇಕೆಂದು ಫಿಲಿಪೈನ್ಸಿನವರು ಅಳಿವೆಗಳ ಕಾಂಡ್ಲಾ ಕಾಡುಗಳನ್ನು ಕಡಿದರು. ೧೯೧೮ರಲ್ಲಿ ನಾಲ್ಕೂವರೆ ಲಕ್ಷ ಹೆಕ್ಟೇರಿನಷ್ಟಿದ್ದ ಆ ಕಾಡು ೧೯೯೦ರ ದಶಕದ ಹೊತ್ತಿಗೆ ಸುಮಾರು ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೆ ಇಳಿದಿತ್ತು. ೨೦೦೨ರಲ್ಲಿ ಬೊಲಿನಾವೊ ಎಂಬಲ್ಲಿ ಪಂಜರಗಳನ್ನು ಒತ್ತೊತ್ತಾಗಿ ಕಟ್ಟಿ ಅತಿಯಾಗಿ ಸಾಕಿದ್ದರಿಂದ, ನೀರಿನಲ್ಲಿ ಪ್ರಾಣವಾಯು ಸಾಲದೆ ಹೂಮೀನುಗಳು ಹೇರಳವಾಗಿ ಸತ್ತುವು. ನಮ್ಮ ಕರಾವಳಿಯವರು ಇದನ್ನು ತಿಳಿದಿರುವುದು ಒಳ್ಳೆಯದು.

ಇನ್ನು ಚಿಮಟದ ವಿಚಾರ. ಮಾವನು ವೈದ್ಯಕೀಯ ಸಾಮಾನಿನ ಅಂಗಡಿಯಿಂದ ಉದ್ದಮೂತಿಯ ಒಂದು ಚಿಮಟವನ್ನು ತಂದನು. ಹೂಮೀನು ಆಗ ನಮ್ಮ ಮಾರುಕಟ್ಟೆಯಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಅದರಂತೆಯೇ ಮಾಂಸದೊಳಗೆ ಕವಲುಮುಳ್ಳಿರುವ ರೋಹು ಮೀನಿನಲ್ಲಿ ಪಾಠ ನಡೆಯಿತು. ಮೀನನ್ನು ಹೊಟ್ಟೆಯ ಕಡೆಯಿಂದಲ್ಲ, ಬೆನ್ನಿನ ಕಡೆಯಿಂದ ಸೀಳಬೇಕು. ಹೊಟ್ಟೆಯ ತೊಗಲು ಹರಿಯದಂತೆ ಪುಸ್ತಕದ ಹಾಗೆ ಬಿಚ್ಚಬೇಕು. ಕರುಳು ಕಿವಿರುಗಳನ್ನು ತೆಗೆದು ತೊಳೆದು, ಬೆನ್ನೆಲುಬನ್ನು ಕತ್ತಿಯ ತುದಿಯಿಂದ ಎಬ್ಬಿಸಬೇಕು. ಆಮೇಲೆ ಪಕ್ಕೆಲುಬುಗಳು. ಇಲ್ಲಿಯವರೆಗೆ ಯಾರಾದರೂ ಮಾಡಿಯಾರು. ಅನಂತರ ಬೆನ್ನಿನ ದಪ್ಪಮಾಂಸದ ಮೇಲೆ ಉದ್ದಕ್ಕೆ ಒಂದು ತೆಳುಗೀರು ಎಳೆದು, ಬೆರಳ ತುದಿಯಿಂದ ಸವರಿ, ಚುಚ್ಚಿದಲ್ಲಿ ಚಿಮಟವಿಟ್ಟು, ಮುಳ್ಳು ಓರೆಯಾಗಿರುವ ದಿಕ್ಕಿನಲ್ಲಿಯೇ ಎಳೆಯಬೇಕು. ದಿಕ್ಕು ತಪ್ಪಿದರೆ ಮುಳ್ಳು ತುಂಡಾಗಿ ಅರ್ಧ ಒಳಗೇ ಉಳಿಯುವುದು, ಇಲ್ಲವೆ ಮಾಂಸವೇ ಕಿತ್ತು ಬರುವುದು. “ಕಣ್ಣಿನಿಂದ ಹುಡುಕಬೇಡ, ಬೆರಳಿನಿಂದ ಹುಡುಕು” ಎಂದು ಮಾವನು ಹೇಳುತ್ತಿದ್ದನು. ನನ್ನ ಮೊದಲ ರೋಹು ಚಟ್ನಿಯಂತಾಯಿತು. ಅಮ್ಮ ಅದನ್ನು ಕಡಲೆಹಿಟ್ಟಿನಲ್ಲಿ ಕಲಸಿ ಕರಿದು ಮರ್ಯಾದೆ ಉಳಿಸಿದಳು. ಮಾವ ಮತ್ತೆ ಹಡಗು ಹತ್ತಿದ ಮೇಲೂ ಭಾನುವಾರಗಳಲ್ಲಿ ನಾನು ಅಭ್ಯಾಸ ಮಾಡಿದೆ. ಚಾಳಿನ ಹುಡುಗರು ನನಗೆ ‘ಡಾಕ್ಟರ್’ ಎಂದು ಹೆಸರಿಟ್ಟರು.

೧೯೮೬ರ ಮೇ ತಿಂಗಳಿನಲ್ಲಿ ಚಿಮಟವನ್ನು ಟ್ರಂಕಿನ ತಳದಲ್ಲಿಟ್ಟುಕೊಂಡು ಊರಿಗೆ ಹೋದೆ. ಉಳಿದ ಮೂರು ಮೀನುಗಳಲ್ಲಿ ಒಂದು ಹಿಂದಿನ ಮಳೆಗಾಲದ ನೆರೆಯಲ್ಲಿ ಕಟ್ಟೆ ದಾಟಿ ಹಿನ್ನೀರಿಗೆ ಹೋಗಿಬಿಟ್ಟಿತ್ತು. ಅದನ್ನು ಹೇಳುವಾಗ ಅಜ್ಜಿಗೆ ಬೇಸರವಿದ್ದಂತೆ ಕಾಣಲಿಲ್ಲ. ಮರಿ ಏಕೆ ಆಗಲಿಲ್ಲ ಎಂಬುದನ್ನು ಅವಳಿಗೆ ವಿವರಿಸಿದೆ. ಎಲ್ಲವನ್ನೂ ಕೇಳಿ, “ಹಂಗಾರ್ ಅದೊಂದ್ ಹೋದ್ದ್ ಒಳ್ಳೇದಾಯ್ತ್” ಎಂದಳು.

ಎರಡರಲ್ಲಿ ಒಂದನ್ನು ಹಿಡಿಯಲು ಅರ್ಧ ಬೆಳಗು ಹಿಡಿಯಿತು. ಹೂಮೀನು ಬಲೆಯ ನೆರಳಿಗೇ ಬೆದರಿ, ನೀರಿನಿಂದ ಮೇಲಕ್ಕೆ ಹಾರಿ ಬಲೆಯನ್ನು ದಾಟುವ ಜಾತಿ. ಕೊನೆಗೆ ಸಿಕ್ಕಿದುದು ಎರಡು ಕಿಲೋಗ್ರಾಮಿಗೆ ಕಡಮೆಯಿರಲಾರದು. ದೊಡ್ಡಮ್ಮನ ಮೆಟ್ಟುಕತ್ತಿಗೆ ಕೊಡದೆ, ನಾನೇ ಹಿಂಬದಿಯ ಜಗಲಿಯಲ್ಲಿ ಮಣೆಯಿಟ್ಟು ಕುಳಿತೆ. ಅಜ್ಜಿ ಪಕ್ಕದಲ್ಲಿ ಬಂದು ಕುಳಿತಳು. ನಾನು ಮುಳ್ಳು ಕಿತ್ತು ಬಾಳೆಯೆಲೆಯ ಮೇಲೆ ಇಡುತ್ತ ಹೋದೆ. ಬಹಳ ಹೊತ್ತಿನ ಮೇಲೆ ಅವಳು, “ಅಷ್ಟೊತ್ತಿಂದ ಎಂತ ಮಾಡ್ತಿದ್ದೆ ಮಗಾ?” ಎಂದಳು. ಅವಳ ಕೈಯನ್ನು ಹಿಡಿದು ಎಲೆಯ ಮೇಲಿನ ಮುಳ್ಳುಗಳ ಮೇಲೆ ಇಟ್ಟೆ. ಅವಳು ಬೆರಳುಗಳಿಂದ ಅವನ್ನು ಮೆಲ್ಲಗೆ ಸವರಿದಳು. ಬಳಿಕ ನನ್ನ ಕೈಯನ್ನು ಸರಿಸಿ, ಮೀನಿನ ಮೇಲೆ ತನ್ನ ಬೆರಳಿಟ್ಟು ಬಾಲದ ಕಡೆಗೆ ಸವರಿ, “ಇಲ್ಲೊಂದ್ ಬಿಟ್ಟಿದ್ದೆ” ಎಂದಳು. ಆಮೇಲೆ ಅವಳು ಬೆರಳಿಟ್ಟು ತೋರಿಸಿದಳು, ನಾನು ಚಿಮಟವಿಟ್ಟು ಎಳೆದೆ. ಹೀಗೆ ಎರಡು ಗಂಟೆ ಕಳೆಯಿತು. ಅಂದು ಆಡಿದ ಮಾತಿಗೆ ಕ್ಷಮೆ ಬೇಡಲೆಂದು ಬಸ್ಸಿನಲ್ಲಿ ಕುಳಿತು, ನಮ್ಮ ಕನ್ನಡ ಗುರುಗಳು ಮೆಚ್ಚುವಂಥ ವಾಕ್ಯಗಳನ್ನು ಕಟ್ಟಿಕೊಂಡು ಬಂದಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಎಲೆಯ ಮೇಲೆ ನಾನು ಎಣಿಸಿದ ಮುಳ್ಳುಗಳು ನೂರ ಎಂಬತ್ತೇಳು.

ದೊಡ್ಡಮ್ಮ ಹುಣಸೆಹುಳಿಯ ಸಾರು ಮಾಡಿದಳು. ಮಧ್ಯಾಹ್ನ ಅಜ್ಜಿ ನನ್ನ ಪಕ್ಕದಲ್ಲಿಯೇ ಊಟಕ್ಕೆ ಕುಳಿತಳು. ಹರಕೆಯ ಮಾತನ್ನು ಯಾರೂ ಎತ್ತಲಿಲ್ಲ. ಮೊದಲ ತುತ್ತನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು, ನಾಲಗೆಯಿಂದ ಹುಡುಕಿ ನೋಡಿ ನುಂಗಿದಳು. ಎರಡನೆಯದು ಸ್ವಲ್ಪ ಬೇಗ ಇಳಿಯಿತು. ಆಮೇಲೆ ಎಂದಿನಂತೆ ಉಣ್ಣತೊಡಗಿದಳು. ತುಂಡು ಮುಗಿಯುತ್ತ ಬಂದಾಗ ಅವಳು ತಟಕ್ಕನೆ ನಿಂತಳು. ನನ್ನ ಎದೆ ಧಸಕ್ಕೆಂದಿತು. ಅವಳು ಬಾಯಿಂದ ಒಂದು ಸಣ್ಣ ಮುಳ್ಳನ್ನು ಬೆರಳಿನಲ್ಲಿ ತೆಗೆದು, ಹಿಂದೆ ನನಗಾಗಿ ತೆಗೆಯುತ್ತಿದ್ದಂತೆಯೇ, ಬಟ್ಟಲಿನ ಅಂಚಿಗೆ ಅಂಟಿಸಿದಳು.

“ಒಂದ್ ಇರ್ಲಿ ಬಿಡ್ ಮಗಾ. ಮುಳ್ಳೇ ಇಲ್ದಿರೆ ಹೂಮೀನ್ ಅಂತ ಗೊತ್ತಾಪುದ್ ಹ್ಯಾಂಗೆ?” ಎಂದಳು. ಅನಂತರ ಬಟ್ಟಲನ್ನು ದೊಡ್ಡಮ್ಮನ ಕಡೆಗೆ ಸರಿಸಿ ಕೇಳಿದಳು: “ಇನ್ನೊಂದ್ ತುಂಡ್ ಇತ್ತಾ?”